ಮೊದಲ ರೇಡಿಯೋ

ನಾಲ್ಕಕ್ಕೆ ಐದು ನಿಮಿಷವಿದೆ ಎನ್ನುವಾಗ ದರ್ಜಿ ಹೆಂಗಸು ಅಪ್ಪನ ಖಾತೆಯಲ್ಲಿ ‘ಸ್ಥಳಾಂತರಿಸು’ ಎಂಬ ಗುಂಡಿ ಒತ್ತಿದಳು. ಹಳೆ ರೇಡಿಯೋ ರಿಪೇರಿಯ ಹುಚ್ಚಿನವರು ಒಂಬತ್ತು ವರ್ಷ ಆನ್‌ಲೈನಿನಲ್ಲಿ ಹರಟಿದ ಸರ್ವರ್ ನಾಲ್ಕಕ್ಕೆ ಶಾಶ್ವತವಾಗಿ ಮುಚ್ಚಲಿತ್ತು. ಬಳಗವೆಲ್ಲ ಬೇರೊಂದು ಸರ್ವರ್‌ಗೆ ಗುಳೆ ಹೊರಟಿತ್ತು. ಅವರವರ ಖಾತೆ ಅವರವರೇ ಸಾಗಿಸಬೇಕು. ಅಪ್ಪ ತೀರಿಕೊಂಡು ಎರಡು ತಿಂಗಳಾಗಿದ್ದರಿಂದ ಅವನದನ್ನು ಮಗಳೇ ಸಾಗಿಸಿದಳು.

ಅಪ್ಪನ ನಲವತ್ತೊಂದು ಮಂದಿ ಗೆಳೆಯರು ಒಬ್ಬೊಬ್ಬರಾಗಿ ಹೊಸ ಖಾತೆಗೆ ಬಂದು ಸೇರಿದರು. ಅವಳೇ ಹಾಕಿಟ್ಟಿದ್ದ ಅಪ್ಪನ ನಗುವ ಫೋಟೋದ ಕೆಳಗೆ ಮಾತ್ರ ‘ಬರಹಗಳು: 0’ ಎಂದಿತ್ತು. ಬಳಗ ನೋಡಿಕೊಳ್ಳುವ ಮೆಕ್ಯಾನಿಕ್‌ಗೆ ಫೋನ್ ಮಾಡಿದಳು.

“ಅಣ್ಣಾ, ಅಪ್ಪ ಬರೆದಿದ್ದೆಲ್ಲ ಎಲ್ಲಿ?”

“ಅದು ಬರಲ್ಲಮ್ಮ. ಜನ ಬರ್ತಾರೆ, ಬರೆದಿದ್ದು ಅಲ್ಲೇ ಉಳಿಯುತ್ತೆ. ಮೊದಲೇ ಇಳಿಸಿಟ್ಕೊಳ್ಳಿ ಅಂತ ಎಲ್ಲರಿಗೂ ಹೇಳಿದ್ನಲ್ಲ.”

“ಮನೆ ಬದಲಾಯಿಸಿದ್ರೆ ಸಾಮಾನು ಬರಲ್ವಾ ಅಂದ್ಕೊಂಡೆ.”

ಅವಳು ಹಳೆಯ ಪುಟ ತೆರೆಯಲು ನೋಡಿದಳು. ನಾಲ್ಕು ದಾಟಿತ್ತು, ಪುಟ ತೆರೆಯಲಿಲ್ಲ.

ಅಷ್ಟರಲ್ಲಿ ಅಪ್ಪನ ಹೊಸ ಖಾತೆಗೊಂದು ಸಂದೇಶ ಬಂತು. ಹೊಸದಾಗಿ ಕಾಲಿಟ್ಟವರಿಗೆಲ್ಲ ತಾನಾಗಿಯೇ ಹೋಗುವ ಸಂದೇಶ ಅದು. ಬಳಗ ಕಟ್ಟಿದ ದಿನ ಅಪ್ಪನೇ ಬರೆದಿದ್ದ. ಮೆಕ್ಯಾನಿಕ್ ಅದೊಂದನ್ನು ಜತನವಾಗಿ ಹೊತ್ತು ತಂದಿದ್ದ.

“ಬನ್ನಿ ಹೊಸಬರೇ. ನೀವು ಮೊದಲು ಬಾಯಿ ಬಿಡಿಸಿದ ರೇಡಿಯೋ ಯಾವುದು? ಆ ಕಥೆ ಹೇಳಿ, ಆಮೇಲೆ ನೀವು ನಮ್ಮವರು.”

ಅಪ್ಪ ಆ ಕಥೆಯನ್ನು ಅವಳ ಮುಂದೆ ಎಷ್ಟೋ ಸಲ ಹೇಳಲು ಹೊರಟಿದ್ದ. ಪ್ರತಿ ಸಲವೂ ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಅಂದಿದ್ದಳು, “ಅಲ್ಲಿ ಬರೆದಿಡಪ್ಪಾ, ಆಮೇಲೆ ಓದ್ಕೋತೀನಿ.”