ಭಾಷಣಗಾರ್ತಿಯ ಭಾನುವಾರ

“ಅಮ್ಮ, ಇವತ್ತೊಂದು ದಿನ ತಮ್ಮನನ್ನ ಎಲ್ಲಾದ್ರೂ ಹೊರಗೆ ಕರ್ಕೊಂಡು ಹೋಗ್ತೀಯಾ?”

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾಯಿಯ ಮುಖ ನೋಡದೆ ಕೇಳಿದಳು. ಅವಳು ಮೆಚ್ಚಿದ ಹುಡುಗನ ತಂದೆತಾಯಿ ಆ ಮಧ್ಯಾಹ್ನ ಮೊದಲ ಸಲ ಮನೆಗೆ ಬರುವವರಿದ್ದರು. ಲೋಟ ಒರೆಸುತ್ತಿದ್ದ ತಾಯಿಯ ಕೈ ನಿಂತಿತು. ಆಟಿಸಂ ಇರುವ ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ಶಾಲೆ, ಬ್ಯಾಂಕು, ಪೊಲೀಸ್ ಠಾಣೆ ಎನ್ನದೆ ವರ್ಷಗಟ್ಟಲೆ ಮಾತಾಡಿದವಳು ಆಕೆ. ‘ನಿಮ್ಮ ಮಕ್ಕಳನ್ನು ಬಚ್ಚಿಡಬೇಡಿ’ ಎನ್ನದೆ ಅವಳ ಯಾವ ಭಾಷಣವೂ ಮುಗಿದದ್ದಿಲ್ಲ.

“ಆ ಹುಡುಗನಿಗೆ ಗೊತ್ತಲ್ವಾ?”

“ಅವನಿಗೆ ಯಾವತ್ತೋ ಹೇಳಿದೀನಿ. ಅವರಮ್ಮನಿಗೆ ನಿಧಾನಕ್ಕೆ ಹೇಳೋಣ ಅಂದ. ಮೊದಲು ಅವರು ನನ್ನನ್ನ ನೋಡ್ಲಿ ಅಮ್ಮ. ಇಷ್ಟು ವರ್ಷ ಯಾರೇ ಮನೆಗೆ ಬಂದ್ರೂ ತಮ್ಮನನ್ನೇ ನೋಡಿದಾರೆ. ನೀನೂ ಅಷ್ಟೆ.” ಮಗಳು ಮುಂದುವರಿಸಿದಳು. “ನೀನು ಎಲ್ಲೋ ಭಾಷಣಕ್ಕೆ ಹೋಗಿದೀಯ ಅಂತ ಅಪ್ಪ ಹೇಳ್ತಾರೆ.”

ತಾಯಿ ಕೈ ಒರೆಸಿಕೊಂಡು ಕಾರಿನ ಕೀ ತೆಗೆದುಕೊಂಡಳು. ಇಪ್ಪತ್ತು ದಾಟಿದ, ತನಗಿಂತ ಒಂದು ಗೇಣು ಎತ್ತರದ ಮಗನ ಶೂ ಲೇಸು ಕಟ್ಟಿ ಕೆಳಗಿಳಿಸಿಕೊಂಡು ಹೋದಳು. ಅವಳನ್ನು ಬಿಟ್ಟು ಬೇರೆ ಯಾರ ಜೊತೆಗೂ ಅವನು ನಿಲ್ಲುವವನಲ್ಲ.

ಪೆಟ್ರೋಲ್ ಬಂಕಿನ ಹಿಂದಿರುವ ಕಾರ್ ವಾಷ್ ಎಂದರೆ ಅವನಿಗೆ ಪ್ರಾಣ. ಗಾಜಿನ ಮೇಲೆ ನೊರೆ ಸುರಿದು, ಎರಡೂ ಬದಿಯಿಂದ ದೊಡ್ಡ ಬ್ರಷ್‌ಗಳು ಗರಗರ ತಿರುಗುತ್ತ ಬಂದು ಹೊರಗಿನದೆಲ್ಲ ಮರೆಯಾದರೆ ಅವನ ಬೆರಳುಗಳ ಅಲುಗಾಟ ನಿಲ್ಲುತ್ತದೆ. ಕಾರು ಎರಡು ಸಲ ತೊಳೆಸಿಕೊಂಡಿತು. ಮತ್ತೆ ಸಾಲಿಗೆ ಬಂದಾಗ ಕೆಲಸದವನು, “ಇನ್ನೂ ತೊಳೆದ್ರೆ ಬಣ್ಣ ಹೋಗುತ್ತೆ ಮೇಡಂ,” ಎಂದು ನಕ್ಕ. ಅವಳೂ ನಗಲು ನೋಡಿದಳು.

ಅಷ್ಟರಲ್ಲಿ ಹಿಂದಿನ ಕಾರಿನಿಂದ ಒಬ್ಬ ಹೆಂಗಸು ಇಳಿದು ಬಂದು ಗಾಜು ತಟ್ಟಿದಳು. ಆ ಕಾರಿನಲ್ಲಿ ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡ ಹುಡುಗಿ ಮುಂದಕ್ಕೂ ಹಿಂದಕ್ಕೂ ತೂಗುತ್ತ ಕೂತಿದ್ದಳು.

“ನನ್ನ ಗುರುತು ನಿಮಗಿರೋಲ್ಲ ಮೇಡಂ. ಲೈಬ್ರರಿ ಹಾಲ್‌ನಲ್ಲಿ ನಿಮ್ಮ ಮಾತು ಕೇಳಿದ್ದೆ. ಅದನ್ನ ಕೇಳಿದ ಮೇಲೇ ನಾದಿನಿ ಮದುವೆಗೆ ಮಗಳನ್ನ ಕರ್ಕೊಂಡು ಹೋಗಿದ್ದು. ಎಲ್ಲರೂ ಬೇಡ ಅಂದಿದ್ರು.”

“ಹೇಗಾಯ್ತು?”

“ಮೈಕಿನ ಸದ್ದಿಗೆ ಕಿರುಚಿಕೊಂಡ್ಳು. ಕೈಗೆ ಸಿಕ್ಕಿದ್ದೆಲ್ಲ ಎಸೆದ್ಳು. ಅವತ್ತಿಂದ ಅತ್ತೆ ಮನೆಯವರು ನಮ್ಮನ್ನ ಕರೆಯಲ್ಲ. ನಮ್ಮ ಯಜಮಾನ್ರು ಅವರಮ್ಮನಿಗೆ ಸಮಾಧಾನ ಮಾಡಿ ಬರ್ತೀನಿ ಅಂತ ಹೋದವರು ಅಲ್ಲೇ ಇದಾರೆ.” ಹೆಂಗಸು ಬಾಗಿ, ಒಳಗೆ ಕೂತಿದ್ದ ಮಗನನ್ನು ಅಕ್ಕರೆಯಿಂದ ನೋಡಿದಳು. “ಪರವಾಗಿಲ್ಲ ಬಿಡಿ. ತೀರಾ ಸಾಕಾಯ್ತು ಅನ್ಸಿದಾಗ ನಿಮ್ಮನ್ನ ನೆನೆಸ್ಕೋತೀನಿ. ಅವರ ಕೈಲಿ ಆಗಿದೆಯಲ್ಲ ಅಂತ.”

ಕಾರಿನ ಸ್ಪೀಕರಿನಲ್ಲಿ ಫೋನು ಮೊಳಗಿತು. ಹಸಿರು ಬಟನ್ ಕಂಡರೆ ಒತ್ತದೆ ಬಿಡುವವನಲ್ಲ ಮಗ. ಅವಳು ಕೈ ಅಡ್ಡ ತರುವಷ್ಟರಲ್ಲಿ ಒತ್ತಿಯೇ ಬಿಟ್ಟ.

“ಅಮ್ಮ, ಅವರಿನ್ನೂ ಊಟಕ್ಕೆ ಕೂತಿದಾರೆ,” ಮಗಳ ಪಿಸುದನಿ ಕಾರೆಲ್ಲ ತುಂಬಿತು. “ಅವರು ಹೋಗೋವರೆಗೂ ತಮ್ಮನನ್ನ ಕರ್ಕೊಂಡು ಬಂದುಬಿಡಬೇಡ. ಗೋಡೆ ಮೇಲಿದ್ದ ಅವನ ಫೋಟೋನೂ ತೆಗೆದಿಟ್ಟಿದೀನಿ. ಬೇಜಾರು ಮಾಡ್ಕೋಬೇಡ.”

ಫೋನು ಕಟ್ಟಾಯಿತು. ಕೆಲಸದವನು ಮುಂದೆ ಬನ್ನಿ ಎಂದು ಕೈ ಬೀಸುತ್ತಿದ್ದ. ಹೆಂಗಸು ಕಿಟಕಿಯ ಅಂಚಿನ ಮೇಲಿಟ್ಟಿದ್ದ ಕೈ ತೆಗೆದಳು. ತಾಯಿ ಗೇರಿಗೆ ಕೈ ಹಾಕಿದಳು, ಕಾರು ಮುಂದೆ ಬಿಡಲಿಲ್ಲ.

“ಹೀಗೂ ಮಾಡಬಹುದಿತ್ತಾ ಮೇಡಂ?” ಹೆಂಗಸು ಕೇಳಿದಳು, ಊರಿಗೆ ಹೊಸಬರು ದಾರಿ ಕೇಳುವ ದನಿಯಲ್ಲಿ. “ಅದನ್ನೂ ಅವತ್ತೇ ಹೇಳಬೇಕಿತ್ತು ನಮಗೆ.”