ರೋಗಿಯೊಂದಿಗೆ ಅತಿ ಸಲುಗೆ

“ದೂರು ಕೊಟ್ಟವರನ್ನೂ ಆರೋಪಿಯನ್ನೂ ಒಂದೇ ಕಾರಲ್ಲಿ ಕರ್ಕೊಂಡು ಬಂದಿದ್ದು ಯಾರು?” ಕಿಟಕಿಯಿಂದ ಈಚೆ ತಿರುಗಿ ವಿಚಾರಣಾಧಿಕಾರಿ ಕೇಳಿದರು.

“ನಾವ್ಯಾರೂ ಅಲ್ಲ ಮೇಡಂ,” ಎಂದ ಗುಮಾಸ್ತ. “ಆರೋಪಿ ಸಿಸ್ಟರೇ ದೂರುದಾರರ ಕೈ ಹಿಡಿದು ಇಳಿಸಿದ್ರು.”

ಅಧಿಕಾರಿಗೆ ಅದೂ ಒಂದು ತಪ್ಪಾಗಿ ಕಂಡಿತು.

ನರ್ಸಿಂಗ್ ಕೌನ್ಸಿಲ್‌ನ ಆ ಕೋಣೆಯಲ್ಲಿ ನೋಂದಣಿ ಕಳೆದುಕೊಂಡವರು ಬಹಳ ಮಂದಿ. ಕುಡಿದು ಬಂದವರು, ಔಷಧಿ ಕದ್ದವರು, ರೋಗಿಯ ಮೇಲೆ ಕೈ ಮಾಡಿದವರು. ಇವತ್ತಿನದು ಬೇರೆ ತರಹ: ರೋಗಿಯೊಂದಿಗೆ ಅತಿ ಸಲುಗೆ.

ದೂರುದಾರರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಬಿದ್ದು ತಲೆಗೆ ಪೆಟ್ಟಾದ ಮೇಲೆ ಮನೆಯಲ್ಲೇ ಆರೈಕೆ. ಇಸ್ತ್ರಿ ಮಾಡಿದ ಅಂಗಿ, ತೂಕದ ಮಾತು. ಅವರ ಹಿಂದಿನ ಕುರ್ಚಿಯಲ್ಲಿ ಬಿಳಿ ಯೂನಿಫಾರ್ಮಿನ ಸಿಸ್ಟರ್. ಅರ್ಧ ತಲೆ ನರೆತಿತ್ತು. ದೊಡ್ಡಾಸ್ಪತ್ರೆಯಲ್ಲಿ ದುಡಿದಷ್ಟು ಕಾಲ ಒಂದು ಕಪ್ಪುಚುಕ್ಕೆಯಿಲ್ಲ.

“ಕೆಲಸದಲ್ಲಿ ಕೊರತೆ ಇಲ್ಲ ಮೇಡಂ,” ಎಂದರು ಮೇಷ್ಟ್ರು. “ಮಾತ್ರೆ, ಸ್ನಾನ, ಎಲ್ಲ ಅಚ್ಚುಕಟ್ಟು. ಆದ್ರೆ ಹಣೆ ಸವರ್ತಾರೆ. ಜ್ವರ ಇಲ್ಲದಾಗಲೂ.”

“ನಿಜಾನಾ ಸಿಸ್ಟರ್?”

“ನಿಜ.”

“ಹಾಸಿಗೆ ಅಂಚಲ್ಲಿ ಕೂತು ಹಾಡು ಗುನುಗ್ತಾರೆ. ಅಡುಗೆಮನೇಲಿ ಯಾವ ಡಬ್ಬ ಎಲ್ಲಿದೆ ಅಂತ ನನ್ನ ಒಂದು ಸಲಾನೂ ಕೇಳಿಲ್ಲ. ಮೊನ್ನೆ ನನ್ನ ಹೆಂಡತಿಯ ಶಾಲನ್ನೇ ಹೊದ್ಕೊಂಡಿದ್ರು!”

ಅಧಿಕಾರಿಯ ಪೆನ್ನು ನಿಂತಿತು. “ಶಾಲು ತಗೊಂಡ್ರಾ?”

“ತಗೊಂಡೆ ಮೇಡಂ. ಚಳಿಯಿತ್ತು.”

ಇಂಥವರನ್ನು ಅಧಿಕಾರಿ ಕಂಡಿದ್ದರು. ಒಂಟಿ ರೋಗಿ, ಸ್ವಂತ ಮನೆ. ಆರೈಕೆಗೆಂದು ಬಂದವಳು ಮೆಲ್ಲಮೆಲ್ಲನೆ ಮನೆಯೊಡತಿಯಾಗುತ್ತಾಳೆ.

“ಇವರ ಕೆಲಸ ಕಳೀಬೇಕು ಅಂತಲ್ಲ,” ಮೇಷ್ಟ್ರ ದನಿ ಮೆತ್ತಗಾಯಿತು. “ನಾನು ಮದುವೆಯಾದವನು. ಹೆಂಡತಿ ಊರಿಗೆ ಹೋಗಿದ್ದಾಳೆ. ಬಂದು ನೋಡಿದ್ರೆ ಏನಂದ್ಕೋತಾಳೆ ಹೇಳಿ?”

ಸಿಸ್ಟರ್ ತಲೆ ತಗ್ಗಿಸಿದರು. ಅಧಿಕಾರಿ ಅದನ್ನು ನಾಚಿಕೆ ಎಂದುಕೊಂಡರು.

“ನೀವೇನಾದ್ರೂ ಹೇಳೋದಿದೆಯಾ?”

“ಇವರ ಎದುರಿಗೆ ಏನೂ ಇಲ್ಲ ಮೇಡಂ.”

ಅಧಿಕಾರಿ ಮೇಷ್ಟ್ರನ್ನು ಗುಮಾಸ್ತನ ಜೊತೆ ಟೀ ಕುಡಿಯಲು ಕಳಿಸಿದರು. ಹೊಸ್ತಿಲಲ್ಲಿ ಮೇಷ್ಟ್ರು ತಿರುಗಿದರು. “ನಿಮಗೂ ತರಿಸ್ಲಾ ಸಿಸ್ಟರ್? ಸಕ್ಕರೆ ಹಾಕಲ್ಲ ಅಲ್ವಾ?” ಯಾಕೆ ಹಾಗೆ ಕೇಳಿದೆ ಎಂದು ಅವರಿಗೇ ತಿಳಿಯದೆ ಒಂದು ಕ್ಷಣ ನಿಂತು, ಹೊರಟುಹೋದರು.

ಅಧಿಕಾರಿ ಮುಂದಕ್ಕೆ ಬಾಗಿದರು. “ನೋಡಿ, ನೋಂದಣಿ ರದ್ದಾದ್ರೆ ಆ ಮನೆಗೆ ಕಾಲಿಡೋ ಹಾಗಿಲ್ಲ. ಅದಕ್ಕೆ ಮುಂಚೆ ಅವರ ಹೆಂಡತಿಯನ್ನ ಕರೆಸಿ ವಿಚಾರಿಸ್ತೀನಿ. ಎಲ್ಲಿದ್ದಾರೆ ಅವರು?”

ಸಿಸ್ಟರ್ ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡು ದನಿ ತಗ್ಗಿಸಿದರು. “ನಾನೇ ಮೇಡಂ. ಹೆಂಡತಿ ಅಂದ್ರೆ ಗುರುತು ಸಿಗಲ್ಲ, ಆಚೆ ಕಳಿಸ್ತಾರೆ. ನರ್ಸ್ ಅಂದ್ರೆ ಬಾಗಿಲು ತೆಗೀತಾರೆ.”