ಅಜ್ಜಿಯ ಬೆನ್ನಿನ ಚೀಟಿ

ಈಗಲೂ ಲಕೋಟೆಗೆ ಅನ್ನದ ಅಗುಳು ಹಚ್ಚಿದರೆ ನನಗೆ ಸ್ಪ್ಯಾನಿಷ್ ನೆನಪಾಗುತ್ತದೆ.

ಆಲ್ದೂರಿನ ನಮ್ಮ ಹೋಮ್‌ಸ್ಟೇಗೆ ಮೊದಲ ಸಲ ಸ್ಪೇನಿನ ಅತಿಥಿಯೊಬ್ಬರು ಬರುವವರಿದ್ದರು. ಅವರಿಗೆ ಖುಷಿಯಾಗಲೆಂದು ಅಪ್ಪ ಪುಸ್ತಕ ನೋಡಿ ಬಾಗಿಲು, ಮೇಜು, ಹಂಡೆಗಳ ಹೆಸರನ್ನು ಅವರ ಭಾಷೆಯಲ್ಲಿ ಬರೆದುಕೊಟ್ಟರು. ನಾನು ಅಗುಳು ಹಚ್ಚಿ ಅಂಟಿಸಿದೆ. 'ಅಬುವೆಲಾ' ಅಂದರೆ ಅಜ್ಜಿ. ಆ ಚೀಟಿಯನ್ನು ಅಜ್ಜಿಯ ಬೆನ್ನಿಗೇ ಮೆತ್ತಿದೆ. ಅಜ್ಜಿ ಜಗಲಿಯ ಕುರ್ಚಿಗೆ ಒರಗಿ ಎದ್ದಾಗ ಚೀಟಿ ಕುರ್ಚಿಗೆ ಹತ್ತಿಕೊಂಡಿತು.

ಅತಿಥಿ ಬಂದು ಅದನ್ನು ಓದಿದರು, ಅಜ್ಜಿಗೆ ಕೈಮುಗಿದರು. ಎಷ್ಟು ಹೇಳಿದರೂ ಆ ಕುರ್ಚಿಯಲ್ಲಿ ಕೂರದೆ ನಿಂತೇ ಕಾಫಿ ಕುಡಿದರು.

"ನೋಡು ಮಾರಾಯ, ಹಿರಿಯರ ಕುರ್ಚಿಗೆ ಎಂಥ ಮರ್ಯಾದೆ! ನೀನೂ ಇದೀಯ," ಎಂದರು ಅಜ್ಜಿ, ಅಪ್ಪನಿಗೆ.

ಅದೇ ಕುರ್ಚಿಯಲ್ಲಿ ಕೂರಲು ಹೊರಟಿದ್ದ ಅಪ್ಪ ಚೀಟಿ ನೋಡಿದರು, ನನ್ನನ್ನೂ ನೋಡಿದರು.

ಅತಿಥಿ ಮೂರು ದಿನಕ್ಕೆ ಹೊರಟುಹೋದರು. ಅಪ್ಪ ಮಾತ್ರ ಮುಂದಿನ ಮಳೆಗಾಲದವರೆಗೂ ನಿಂತೇ ಕಾಫಿ ಕುಡಿದರು.